ಕಬ್ಬನ್ ಹೆಸರಿನೊಳಗೊಬ್ಬ ಮಗ

ಮೆಟ್ರೊ ವಿಧಾನಸೌಧ ಬಿಟ್ಟು ಹೊರಟಿತ್ತು. 'ಮುಂದಿನ ನಿಲ್ದಾಣ ಕಬ್ಬನ್ ಪಾರ್ಕ್' ಎಂದು ಕೇಳಿಸಿದ್ದೇ ತಡ, ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗಳು ತಿರುಗಿ, "ಮಾಮ, ಅಲ್ಲಿ ಮೊದ್ಲು ಕಬ್ಬು ಬೆಳೀತಿದ್ರಾ?" ಎಂದಳು. ಎರಡನೇ ಕ್ಲಾಸಿನ ಹುಡುಗಿ. ಇಲ್ಲ ಪುಟ್ಟಿ, ಅದು ಒಬ್ಬ ಬ್ರಿಟಿಷ್ ಸಾಹೇಬನ ಹೆಸರು ಎಂದೆ. "ಹಂಗಂದ್ರೆ ಏನು?" ಎಂದಳು.

ಹೆಸರು ಅಂದಮೇಲೆ ಅದಕ್ಕೊಂದು ಅರ್ಥ ಇರಲೇಬೇಕು ಅನ್ನುವುದು ಮಕ್ಕಳ ನ್ಯಾಯ. ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಂಗಳೂರಿಗೆ ಬಂದು ಇಷ್ಟು ವರ್ಷವಾದರೂ ಕಬ್ಬನ್ ಪಾರ್ಕು, ಕಬ್ಬನ್ ರೋಡು, ಕಬ್ಬನ್ ಪೇಟೆ ಎಂದು ದಿನಾ ಬಾಯಲ್ಲಿ ಆಡುತ್ತಲೇ ಇದ್ದೇನೆ, ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕನ್ನಡದ ಕಿವಿಗೆ ಅದು ಕಬ್ಬು, ಕಬ್ಬಿಣಗಳ ಸಾಲಿನಲ್ಲಿ ಸಲೀಸಾಗಿ ಕೂತುಬಿಟ್ಟಿದೆ. ಆಮೇಲೆ ಹುಡುಕುತ್ತ ಹೋದಾಗ ಗೊತ್ತಾಯಿತು: ಅದು ಕನ್ನಡದ್ದಲ್ಲ ಸರಿ, ಹುಟ್ಟಿನಲ್ಲಿ ಇಂಗ್ಲಿಷಿನದೂ ಅಲ್ಲ. ಆ ಹೆಸರಿನ ಅರ್ಥ 'ಗಿಬ್ಬನ್ ಎಂಬವನ ಮಗ'. ಅದರಲ್ಲಿ 'ಮಗ' ಎಲ್ಲಿದ್ದಾನೆ ಅಂತೀರಾ? ಮೊದಲ ಅಕ್ಷರದಲ್ಲಿ. ಕಬ್ಬನ್ ಎಂಬುದರ 'ಕ್' ಇದೆಯಲ್ಲ, ಅದು ಸವೆದು ಸವೆದು ಉಳಿದ ಮಗ.

ಐರ್ಲೆಂಡಿಗೂ ಇಂಗ್ಲೆಂಡಿಗೂ ನಡುವಿನ ಸಮುದ್ರದಲ್ಲಿ ಐಲ್ ಆಫ್ ಮ್ಯಾನ್ ಎಂಬ ದ್ವೀಪವಿದೆ. ವಿಸ್ತೀರ್ಣ 572 ಚದರ ಕಿಲೋಮೀಟರ್. ನಮ್ಮ ಒಂದು ಸಾಧಾರಣ ತಾಲೂಕಿಗಿಂತ ದೊಡ್ಡದೇನಲ್ಲ. 1907ರಿಂದ ಅಲ್ಲಿನ ರಸ್ತೆಗಳ ಮೇಲೆ ನಡೆಯುವ ಟಿಟಿ ಬೈಕ್ ರೇಸಿನಿಂದಾಗಿ ಬೈಕ್ ಹುಚ್ಚಿನವರಿಗೆ ಮಾತ್ರ ಹೆಸರು ಪರಿಚಿತ. ಅಲ್ಲಿನ ಅತಿ ಎತ್ತರದ ಬೆಟ್ಟ ಸ್ನೇಫೆಲ್, 621 ಮೀಟರ್. ಮೋಡವಿಲ್ಲದ ದಿನ ಅದರ ನೆತ್ತಿಯ ಮೇಲೆ ನಿಂತರೆ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ನಾಲ್ಕೂ ಕಾಣುತ್ತವೆ ಎಂದು ಆ ಊರವರು ಹೆಮ್ಮೆಯಿಂದ ಹೇಳುತ್ತಾರೆ. ಹಾಗೆ ಕಾಣುವ ದಿಕ್ಕುಗಳಿಂದೆಲ್ಲ ಜನ ಬಂದಿದ್ದಾರೆ, ಜೊತೆಗೆ ಉತ್ತರದ ನಾರ್ವೆಯಿಂದ ವೈಕಿಂಗರೂ ಬಂದು 1266ರವರೆಗೆ ಆಳಿದ್ದಾರೆ. ನಮ್ಮ ಪಾರ್ಕಿಗೆ ಹೆಸರು ಕೊಟ್ಟ, ಮೈಸೂರು ಸೀಮೆಯ ಬ್ರಿಟಿಷ್ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಆ ದ್ವೀಪದವನು, ಮಾಹೋಲ್ಡ್ ಎಂಬ ಊರಿನ ಪಾದ್ರಿಯ ಮಗ.

ದ್ವೀಪದ ಹಳೆಯ ಭಾಷೆ ಮ್ಯಾಂಕ್ಸ್. ಅದು ಐರಿಷ್, ಸ್ಕಾಟಿಷ್ ಗೇಲಿಕ್ ಭಾಷೆಗಳ ಒಡಹುಟ್ಟು. ಈ ಮೂರರಲ್ಲೂ ಮಗನಿಗೆ 'ಮ್ಯಾಕ್' ಅನ್ನುತ್ತಾರೆ. ಮ್ಯಾಕ್‌ಡೊನಾಲ್ಡ್, ಮ್ಯಾಕಿಂತೋಷ್ ಎಲ್ಲ ಆ ಮಕ್ಕಳೇ. ಒಬ್ಬನ ಹೆಸರಿನ ಮುಂದೆ ಮ್ಯಾಕ್ ಇಟ್ಟು ಅಪ್ಪನ ಹೆಸರು ಹೇಳಿದರೆ ಪರಿಚಯ ಮುಗಿಯಿತು.

ಅಪ್ಪನ ಹೆಸರು ಹೇಳಿ ಗುರುತಿಸಿಕೊಳ್ಳುವ ಈ ರೂಢಿಯ ಒಂದು ಸೊಗಸಾದ ಸಾಕ್ಷಿ ಆ ದ್ವೀಪದ ಕರ್ಕ್ ಮೈಕಲ್ ಎಂಬ ಊರಿನ ಚರ್ಚಿನಲ್ಲಿದೆ. ಹತ್ತನೇ ಶತಮಾನದ ಕಲ್ಲಿನ ಶಿಲುಬೆ, ಅದರ ಅಂಚಿನುದ್ದಕ್ಕೂ ವೈಕಿಂಗರ ರೂನ್ ಲಿಪಿ. ಕಮ್ಮಾರ ಅಥಾಕನ್‌ನ ಮಗ ಮೇಲ್‌ಬ್ರಿಗ್ಡೆ ತನ್ನ ಆತ್ಮದ ಒಳಿತಿಗಾಗಿ ಈ ಶಿಲುಬೆ ನಿಲ್ಲಿಸಿದ, ಇದನ್ನೂ ಮ್ಯಾನ್ ದ್ವೀಪದ ಎಲ್ಲವನ್ನೂ ಕೆತ್ತಿದವನು ಗೌತ್ ಎಂದು ಅದರಲ್ಲಿದೆ. ಅಪ್ಪ ಮಗ ಇಬ್ಬರ ಹೆಸರೂ ಗೇಲಿಕ್. ಭಾಷೆ ಮಾತ್ರ ವೈಕಿಂಗರದ್ದು, 'ಮಗ' ಎಂಬ ಪದ ಕೂಡ. ಎಲ್ಲವನ್ನೂ ಕೆತ್ತಿದವನು ನಾನೇ ಎಂದು ಜಂಬ ಕೊಚ್ಚಿಕೊಂಡ ಗೌತ್‌ನನ್ನು ಓದುವಾಗ ನನಗೆ ಬೇಲೂರು ನೆನಪಾಯಿತು. ಅಲ್ಲಿನ ಮದನಿಕೆಯರ ಪಾದದಡಿ ಬಳ್ಳಿಗಾವೆಯ ದಾಸೋಜ, ದಾಸೋಜನ ಮಗ ಚಾವಣ ಎಂದು ಶಿಲ್ಪಿಗಳು ಬಿರುದು ಬಾವಲಿ ಸಮೇತ ಹೆಸರು ಕೊರೆದುಕೊಂಡಿಲ್ಲವೇ, ಅದೇ ಧಾಟಿ.

ಈಗ 'ಗಿಬ್ಬನ್'. ಉದ್ದ ಕೈಯ ಆ ವಾನರಕ್ಕೂ ಇದಕ್ಕೂ ನಂಟಿಲ್ಲ. ಇದು ಗಿಲ್ಬರ್ಟ್ ಎಂಬ ಹೆಸರಿನ ಮುದ್ದು ರೂಪ. ಸುಬ್ರಹ್ಮಣ್ಯ ಸುಬ್ಬ ಆಗುವಂತೆ ಗಿಲ್ಬರ್ಟ್ ಮೊದಲು ಗಿಬ್ ಆಗುತ್ತಾನೆ. ಅದಕ್ಕೆ ಫ್ರೆಂಚಿನ 'ಆನ್' ಎಂಬ ಪುಟ್ಟ ಬಾಲ ಅಂಟಿಸಿದರೆ ಗಿಬ್ಬನ್, ಅಂದರೆ ಪುಟ್ಟ ಗಿಬ್. ರೋಮ್ ಸಾಮ್ರಾಜ್ಯದ ಇತಿಹಾಸ ಬರೆದ ಎಡ್ವರ್ಡ್ ಗಿಬ್ಬನ್‌ನದೂ ಇದೇ ಹೆಸರು, ಮ್ಯಾಕ್ ಇಲ್ಲದ್ದು. ಗಿಬ್ಸ್, ಗಿಬ್ಸನ್ ಕೂಡ ಈ ಬಳ್ಳಿಯ ಕಾಯಿಗಳೇ.

ಮೂಲ ಹೆಸರು ಗಿಲ್ಬರ್ಟ್ ಜರ್ಮನ್ ಬುಡದ್ದು. ಹಳೆಯ ಜರ್ಮನ್ ಹೆಸರುಗಳು ಎರಡು ಪದ ಜೋಡಿಸಿ ಕಟ್ಟಿದವು. ಇದರಲ್ಲಿ ಎರಡನೆಯ ಪದದ ಅರ್ಥ 'ಹೊಳೆಯುವ'. ಮೊದಲನೆಯದು 'ಗೀಸಿಲ್', ಅಂದರೆ ಒತ್ತೆಯಾಳು. ಒತ್ತೆಯಾಳು ಎಂಬ ಹೆಸರನ್ನು ಯಾರಾದರೂ ಮಗುವಿಗೆ ಇಡುತ್ತಾರೆಯೇ ಎಂದು ನಮಗೆ ಅನ್ನಿಸುತ್ತದೆ, ಬ್ಯಾಂಕ್ ದರೋಡೆಯ ಸುದ್ದಿ ಓದಿ ಓದಿ. ಆದರೆ 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದ ಹೊತ್ತಿಗೆ ಕಾರ್ನ್‌ವಾಲಿಸ್ ಟಿಪ್ಪು ಸುಲ್ತಾನನಿಂದ ಒತ್ತೆ ಕೇಳಿದ್ದು ಯಾರನ್ನು? ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು. ಕೂಲಿಯವನ ಮಗನನ್ನು ಯಾರೂ ಒತ್ತೆ ಇಟ್ಟುಕೊಳ್ಳುವುದಿಲ್ಲ. ಹಳೆಯ ಯುರೋಪಿನಲ್ಲೂ ಅಷ್ಟೇ. ಒತ್ತೆ ಹೋಗುವವನು ಅರಸುಮಗ, ದೊಡ್ಡ ಮನೆತನದ ಕುಡಿ. ಹಾಗಾಗಿ ಆ ಪದಕ್ಕೆ 'ಕುಲೀನ ಹುಡುಗ' ಎಂಬ ಬಣ್ಣವೂ ಹತ್ತಿತು. ಗಿಲ್ಬರ್ಟ್ ಅಂದರೆ ಹೆಚ್ಚುಕಡಿಮೆ 'ಕಾಂತಿಯುಳ್ಳ ಒತ್ತೆ ಕುಮಾರ'.

ಈ ಜರ್ಮನ್ ಹೆಸರು ಗೇಲಿಕ್ ಮಾತಾಡುವ ದ್ವೀಪಕ್ಕೆ ಬಂದದ್ದು ನಾರ್ಮನ್ನರ ದೆಸೆಯಿಂದ. ಫ್ರಾನ್ಸಿನ ಉತ್ತರ ತೀರದಲ್ಲಿ ನೆಲೆಸಿದ್ದ ಆ ಜನ ಜರ್ಮನ್ ಹೆಸರುಗಳನ್ನು ಫ್ರೆಂಚ್ ನಾಲಿಗೆಯಲ್ಲಿ ಉರುಳಿಸಿಕೊಂಡು 1066ರಲ್ಲಿ ಇಂಗ್ಲೆಂಡ್ ಹೊಕ್ಕರು. ನೂರು ವರ್ಷ ಕಳೆದು, 1169ರಲ್ಲಿ ಐರ್ಲೆಂಡ್ ಹೊಕ್ಕರು. ಅಲ್ಲಿ ನೆಲೆಸಿದ ಒಂದು ನಾರ್ಮನ್ ಮನೆತನದ ಹೆಸರೇ ಫಿಟ್ಸ್‌ಗಿಬ್ಬನ್. ಫಿಟ್ಸ್ ಎಂದರೂ ಮಗನೇ, ನಾರ್ಮನ್ ಫ್ರೆಂಚಿನ ಮಗ. ಗೇಲಿಕ್ ಜನ ಫಿಟ್ಸ್ ತೆಗೆದು ಮ್ಯಾಕ್ ಇಟ್ಟರೆ ಮ್ಯಾಕ್ ಗಿಬ್ಬನ್. ಸಮುದ್ರದ ಆಚೀಚೆ ಸ್ಕಾಟ್ಲೆಂಡಿನ ತೆಂಕಣ ಮೂಲೆಯಲ್ಲಿ, ಮ್ಯಾನ್ ದ್ವೀಪದಲ್ಲಿ ಗಿಬ್ಬನ್‌ಗಳ ಮಕ್ಕಳಿಗೆ ಇದೇ ಹೆಸರು ನಿಂತಿತು.

ಇನ್ನು ಮ್ಯಾಕ್ ಗಿಬ್ಬನ್ ಕಬ್ಬನ್ ಆದದ್ದು ಹೇಗೆ? ಇದಕ್ಕೆ ಶಾಲೆಯ ಸಂಧಿ ಪಾಠ ಸಾಕು. ಮ್ಯಾಕ್‌ನ ಕೊನೆಗೆ 'ಕ್' ಇದೆ, ಗಿಬ್ಬನ್ ಶುರುವಾಗುವುದು 'ಗ್'ನಿಂದ. ಎರಡೂ ಒಂದೇ ವರ್ಗದವು, ಗಂಟಲ ಬಳಿ ಹುಟ್ಟುವವು. ಬೇಗ ಬೇಗ ಹೇಳಿದರೆ ಎರಡರಲ್ಲೊಂದು ಇನ್ನೊಂದನ್ನು ನುಂಗುತ್ತದೆ. ಮಳೆ ಮತ್ತು ಕಾಲ ಸೇರಿದಾಗ ನಮ್ಮಲ್ಲಿ ಕಕಾರ ಸೋತು ಗಕಾರ ಗೆಲ್ಲುತ್ತದೆ, ಮಳೆಗಾಲ. ಮ್ಯಾಂಕ್ಸರಲ್ಲಿ ಗಕಾರ ಸೋತಿತು: ಮ್ಯಾಕಿಬ್ಬನ್, ಮ್ಯಾಕಬ್ಬನ್. ಸ್ವರವೂ ಆ ಗಡಿಬಿಡಿಯಲ್ಲಿ ಜಾರಿತು.

ಆಮೇಲೆ ತಲೆ ಉದುರಿತು. ಈ ಹೆಸರುಗಳನ್ನು ಉಚ್ಚರಿಸುವಾಗ ಒತ್ತು ಬೀಳುವುದು ಅಪ್ಪನ ಹೆಸರಿನ ಮೇಲೆ, ಮ್ಯಾಕ್ ಬರೀ ಎಳೆದುಕೊಂಡು ಬರುವ ಶಬ್ದ. ಊರಿನಲ್ಲಿ ಎಲ್ಲರೂ ಒಬ್ಬರಲ್ಲ ಒಬ್ಬರ ಮಗನೇ ಆದ್ದರಿಂದ ಅದನ್ನು ಬಾಯಿ ತುಂಬ ಹೇಳುವ ಅಗತ್ಯವೂ ಇಲ್ಲ. 'ಮ್ಯಾ' ಕರಗಿತು. ಆದರೆ 'ಕ್' ಅಷ್ಟು ಹೊತ್ತಿಗಾಗಲೇ ಮುಂದಿನ ಪದಕ್ಕೆ ಬೆಸೆದುಕೊಂಡಿತ್ತು, ಕೀಳಲಾಗಲಿಲ್ಲ. ಕಬ್ಬನ್ ಉಳಿಯಿತು.

ಇದು ಯಾವಾಗ ನಡೆಯಿತು ಎಂಬುದನ್ನು ಕಂದಾಯದ ಕಡತ ಹೇಳುತ್ತದೆ. ದ್ವೀಪವನ್ನು 1405ರಿಂದ ಸ್ಟ್ಯಾನ್ಲಿ ಎಂಬ ಇಂಗ್ಲಿಷ್ ಮನೆತನ ಆಳುತ್ತಿತ್ತು. ಯಾವ ಒಕ್ಕಲಿನಿಂದ ಎಷ್ಟು ಗೇಣಿ ಬರಬೇಕೆಂದು ಅವರ ಶಾನುಭೋಗರು ಬರೆದಿಟ್ಟ ಪಟ್ಟಿಗಳಲ್ಲಿ ಉಳಿದಿರುವ ಅತಿ ಹಳೆಯವು 1511ರಿಂದ 1515ರ ನಡುವಿನವು. ಅವುಗಳ ತುಂಬ ಮ್ಯಾಕ್‌ಗಳೇ. ಹದಿನೇಳನೇ ಶತಮಾನದ ನಡುವಿಗೆ ಬಂದರೆ ಮ್ಯಾಕ್ ಎಂಬ ಪದವೇ ಹೆಚ್ಚುಕಡಿಮೆ ಮಾಯ. ಮಾತಿನಲ್ಲಿ ಸವೆದದ್ದು ಕಾಗದದಲ್ಲೂ ಸವೆಯಿತು. ಬರೆಯುವವರು ಮ್ಯಾಂಕ್ಸ್ ಶಬ್ದಗಳನ್ನು ಇಂಗ್ಲಿಷ್ ಕಾಗುಣಿತದಲ್ಲಿ ಹಿಡಿದವರು, ಕಿವಿಗೆ ಬಿದ್ದಂತೆ ಗೀಚಿದವರು. ಅದಕ್ಕೇ ಒಂದೇ ಮನೆತನ ಒಂದು ಕಡೆ ಕಬ್ಬನ್, ಇನ್ನೊಂದು ಕಡೆ ಕಬ್ಬಿನ್. ಪಹಣಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಹೆಸರಿಟ್ಟುಕೊಂಡು ತಾಲೂಕು ಆಫೀಸಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಲೆ ಉದುರದ ರೂಪವೂ ಬದುಕಿದೆ. ಆಸ್ಟ್ರೇಲಿಯಾದ ಹೆಸರಾಂತ ಚಿತ್ರಕಾರ ಫ್ರೆಡರಿಕ್ ಮೆಕಬ್ಬಿನ್ ಇದ್ದನಲ್ಲ, ಸ್ಕಾಟ್ಲೆಂಡ್ ಮೂಲದವನು, ಅವನ ಹೆಸರಿನಲ್ಲಿ ಮಗ ಪೂರ್ತಿ ಮೈಯಿಟ್ಟುಕೊಂಡೇ ಇದ್ದಾನೆ.

ಕಬ್ಬನ್‌ನ ಕಥೆ ಒಂಟಿ ಕಥೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಇಡೀ ದ್ವೀಪದಲ್ಲೇ ಹೀಗಾಗಿದೆ. ಮ್ಯಾನ್ ದ್ವೀಪದ ಹಳೆಯ ಮನೆತನಗಳ ಹೆಸರುಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಜೋಡಿಸಿದರೆ ಸಿ, ಕೆ, ಕ್ಯೂ ಅಕ್ಷರಗಳ ಹತ್ತಿರ ಜಾತ್ರೆಯಂತೆ ಜನ. ಕಿಸ್ಸಾಕ್ ಅಂದರೆ ಮ್ಯಾಕ್ ಐಸಾಕ್. ಕ್ಲೂಕಸ್ ಅಂದರೆ ಮ್ಯಾಕ್ ಲೂಕಸ್. ಕಿಲ್ಲಿಪ್ ಅಂದರೆ ಮ್ಯಾಕ್ ಫಿಲಿಪ್. ಕೆರ್ಮೋಡ್‌ನನ್ನು ಬಿಡಿಸಿದರೆ ಒಳಗಿರುವುದು ಐರಿಷ್ ಡರ್ಮಟ್. ಕ್ಲೇಗ್ ವೈದ್ಯನ ಮಗ, ಇಲ್ಲಿ ಅಪ್ಪನ ಹೆಸರಿನ ಬದಲು ಅಪ್ಪನ ಕಸುಬು ಸೇರಿಕೊಂಡಿದೆ. ಅಪ್ಪನ ಹೆಸರು ವಕಾರದ ಹತ್ತಿರದ ಶಬ್ದದಿಂದ ಶುರುವಾದರೆ ಕ್ಯೂ ಅಕ್ಷರ ಬಂತು: ಮ್ಯಾಕ್ ವಿಲಿಯಂ ಕ್ವಿಲಿಯಂ ಆದ, ಮ್ಯಾಕ್ ವಾಲ್ಟರ್ ಕ್ವಾಲ್ಟ್ರೋ ಆದ. 1805ರ ಟ್ರಫಾಲ್ಗರ್ ಕದನದಲ್ಲಿ ನೆಲ್ಸನ್ನನ ವಿಕ್ಟರಿ ಹಡಗಿನಲ್ಲಿದ್ದ ಜಾನ್ ಕ್ವಿಲಿಯಂ ಈ ದ್ವೀಪದವನೇ. ಅಮೆರಿಕದ ತತ್ವಶಾಸ್ತ್ರಜ್ಞ ಕ್ವೈನ್ ಅವರ ಹೆಸರೂ ಇಲ್ಲಿಂದಲೇ ಹೋದದ್ದು.

ನನಗೆ ಇವರೆಲ್ಲರಲ್ಲಿ ಇಷ್ಟವಾದವರು ಇಬ್ಬರು. ಒಬ್ಬ ನೀಲ್. ಮ್ಯಾಕ್ ನೀಲ್ ಎಂಬುದು ಇಲ್ಲಿ ಕೆ ಅಕ್ಷರದಿಂದ ಶುರುವಾಗುವ ಹೆಸರಾಯಿತು. ಆದರೆ ಇಂಗ್ಲಿಷಿನಲ್ಲಿ ನೀ ಎಂಬ ಮೊಣಕಾಲಿನ ಹಿಂದೆ ಕೆ ಸುಮ್ಮನೆ ನಿಂತಿರುವಂತೆ ಇಲ್ಲೂ ಅದನ್ನು ಉಚ್ಚರಿಸುವುದಿಲ್ಲ. ಮಗ ಬರವಣಿಗೆಯಲ್ಲಿದ್ದಾನೆ, ಕರೆದರೆ ಓ ಅನ್ನುವುದಿಲ್ಲ. ಇನ್ನೊಬ್ಬ ಕಾರ್ಕಿಲ್. ಇವನ ಒಳಗೆ ವೈಕಿಂಗರ ಸಿಡಿಲಿನ ದೇವರು ಥಾರ್ ಅಡಗಿದ್ದಾನೆ. ಅಪ್ಪನ ಹೆಸರು ಥಾರ್ಕೆಲ್. ಮ್ಯಾಕ್ ಪದದ ಬೆನ್ನಿಗೆ ಬಂದಾಗ ಗೇಲಿಕ್ ನಾಲಿಗೆಯಲ್ಲಿ 'ಥ' ಮೆತ್ತಗಾಗಿ 'ಹ' ಆಗುತ್ತದೆ, ಹಕಾರವೂ ನಿಲ್ಲದೆ ಹಾರಿಹೋಗುತ್ತದೆ. ಇದೇನೋ ವಿಚಿತ್ರ ಅನ್ನುವಂತಿಲ್ಲ. ಹಳಗನ್ನಡದ ಪಾಲು ನಡುಗನ್ನಡಕ್ಕೆ ಬರುವಾಗ ಹಾಲು ಆಯಿತು, ಹಳೇ ಮೈಸೂರಿನ ಹಳ್ಳಿಗಳಲ್ಲಿ ಇವತ್ತಿಗೂ 'ಆಲು ಕಾಸಿದ್ಯಾ?' ಎಂದು ಕೇಳುತ್ತಾರೆ. ಪಕಾರ ಹಕಾರವಾಗಿ ಗಾಳಿಗೆ ಹೋದ ಹಾಗೆಯೇ ಥಾರ್‌ನ ಥಕಾರವೂ ಹೋಯಿತು. ಮಿಕ್ಕ 'ಆರ್ಕೆಲ್'ಗೆ ಮಗನ 'ಕ್' ಅಂಟಿತು. ವೈಕಿಂಗ್ ದೇವರಿಗೆ ಗೇಲಿಕ್ ಮಗ, ಮೇಲೆ ಇಂಗ್ಲಿಷ್ ಕಾಗುಣಿತ.

ದಕ್ಷಿಣ ಕರ್ನಾಟಕದವರಾದ ನಮಗೆ ಮನೆತನದ ಹೆಸರು ಎಂಬುದು ಪಾಸ್‌ಪೋರ್ಟ್ ಅರ್ಜಿ ತುಂಬುವಾಗ ಎದುರಾಗುವ ತಲೆನೋವು. ನಾವು ಊರಿನ ಹೆಸರು, ಅಪ್ಪನ ಹೆಸರು ಎರಡನ್ನೂ ಒಂದೊಂದು ಅಕ್ಷರಕ್ಕೆ ಇಳಿಸಿ, ಪಕ್ಕ ಒಂದು ಚುಕ್ಕೆ ಇಟ್ಟು ಇನಿಶಿಯಲ್ ಮಾಡಿಕೊಂಡೆವು. ಮ್ಯಾಂಕ್ಸರು ಅಪ್ಪನನ್ನು ಇಡಿಯಾಗಿ ಉಳಿಸಿಕೊಂಡು ಮಗನನ್ನು ಇನಿಶಿಯಲ್ ಮಾಡಿದರು, ಅದೂ ಚುಕ್ಕೆ ಇಲ್ಲದೆ. ಚುಕ್ಕೆ ಇಲ್ಲದ್ದರಿಂದಲೇ ಅದು ಇನಿಶಿಯಲ್ ಎಂಬುದು ಮರೆತುಹೋಯಿತು.

ಬೆಂಗಳೂರಿಗೆ ವಾಪಸು ಬರೋಣ. ಈ ಚಿಕ್ಕ ದ್ವೀಪದಿಂದ ಮೈಸೂರು ಸೀಮೆಗೆ ಬಂದ ಮೊದಲ ಮಾರ್ಕ್ ಕಬ್ಬನ್ ಅಲ್ಲ. ಅವನ ಸೋದರಮಾವ ಮಾರ್ಕ್ ವಿಲ್ಕ್ಸ್ ಮುಂಚೆಯೇ ಬಂದಿದ್ದ. ಹತ್ತೊಂಬತ್ತನೇ ಶತಮಾನದ ಮೊದಲ ದಶಕದಲ್ಲಿ ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟ್ ಆಗಿದ್ದು, ಮೈಸೂರಿನ ಇತಿಹಾಸವನ್ನು ಮೂರು ಸಂಪುಟಗಳಲ್ಲಿ ಬರೆದವನು. ನೆಪೋಲಿಯನ್ನನನ್ನು ಸೆರೆಯಾಳಾಗಿ ಸೇಂಟ್ ಹೆಲೆನಾಕ್ಕೆ ತಂದಿಳಿಸಿದಾಗ ಆ ದ್ವೀಪದ ಗವರ್ನರ್ ಆಗಿದ್ದವನೂ ಅವನೇ. ಸೋದರಳಿಯ 1800ರಲ್ಲಿ ಮದ್ರಾಸಿನ ಸೈನ್ಯ ಸೇರಿ, 1834ರಲ್ಲಿ ಮೈಸೂರಿನ ಕಮಿಷನರ್ ಆಗಿ, 1861ರವರೆಗೆ ಆಳಿದ. ಊರಿಗೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ಸತ್ತ. ಹೆಣ ಮಾಹೋಲ್ಡ್ ತಲುಪಿತು.

ಮಾವ ಅಳಿಯಂದಿರ ಹೆಸರುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ವಿಲ್ಕ್ ಎಂಬುದು ವಿಲಿಯಂನ ಮೊಟಕು ರೂಪ. ಕೊನೆಯ 'ಸ್' ಇಂಗ್ಲಿಷಿನ ಷಷ್ಠಿ ವಿಭಕ್ತಿ: ವಿಲ್ಕ್‌ನ, ಅಂದರೆ ವಿಲ್ಕ್‌ನ ಮಗ. ರಾಬರ್ಟ್ಸ್, ವಿಲಿಯಮ್ಸ್, ಜೋನ್ಸ್ ಎಲ್ಲ ಹೀಗೆಯೇ. ಇಂಗ್ಲಿಷ್ ಹೆಸರು ಮಗನನ್ನು ಬಾಲದಲ್ಲಿ ಕಟ್ಟಿಕೊಂಡರೆ ಮ್ಯಾಂಕ್ಸ್ ಹೆಸರು ತಲೆಯ ಮೇಲೆ ಹೊತ್ತುಕೊಂಡಿದೆ. ಮಾವ ಅಳಿಯ ಇಬ್ಬರೂ ಒಂದೊಂದು ವ್ಯಂಜನದಷ್ಟು ಮಗನನ್ನು ಹಿಡಿದುಕೊಂಡು ಮೈಸೂರಿಗೆ ಬಂದಿದ್ದರು.

ಕಬ್ಬನ್ ಸತ್ತ ಒಂಬತ್ತು ವರ್ಷಕ್ಕೆ, 1870ರಲ್ಲಿ ಉದ್ಯಾನವಾಯಿತು. ಮೊದಲು ಮೀಡ್ ಎಂಬ ಅಧಿಕಾರಿಯ ಹೆಸರಿತ್ತು, ಆಮೇಲೆ ಕಬ್ಬನ್ ಹೆಸರು ಬಂತು. 1927ರಿಂದ ಕಾಗದಪತ್ರದಲ್ಲಿ ಅದು ಶ್ರೀ ಚಾಮರಾಜೇಂದ್ರ ಉದ್ಯಾನ. ಆದರೆ ಆಟೋ ಹತ್ತಿ ಚಾಮರಾಜೇಂದ್ರ ಉದ್ಯಾನ ಎಂದರೆ ಡ್ರೈವರ್ ಒಂದು ಕ್ಷಣ ಕನ್ನಡಿಯಲ್ಲಿ ನಿಮ್ಮ ಮುಖ ನೋಡುತ್ತಾನೆ. ಕಬ್ಬನ್ ಎಂಬ ಶಬ್ದ ಗಟ್ಟಿಯಾಗಿ ನಿಂತದ್ದಕ್ಕೆ ಆ ಕಮಿಷನರ್‌ನ ಆಡಳಿತಕ್ಕಿಂತ ನಮ್ಮ ನಾಲಿಗೆಯೇ ಕಾರಣ ಎಂದು ನನಗನ್ನಿಸುತ್ತದೆ. ಬಕಾರದ ಒತ್ತಕ್ಷರವಿರುವ ಕನ್ನಡ ಪದ ಎಷ್ಟಿಲ್ಲ! ಹಬ್ಬ, ಹುಬ್ಬು, ಕಬ್ಬು, ಸುಬ್ಬ. ಸರ್ ಮಾರ್ಕ್ ಅವರಿಗೆ ಫೆದರ್‌ಸ್ಟನ್‌ಹಾ ಅಂತೇನಾದರೂ ಹೆಸರಿದ್ದಿದ್ದರೆ ಪಾರ್ಕಿನ ಕಥೆ ಬೇರೆಯೇ ಆಗುತ್ತಿತ್ತು.

ಇಷ್ಟೆಲ್ಲ ಓದಿಕೊಂಡು ಮುಂದಿನ ಭಾನುವಾರ ಅಕ್ಕನ ಮನೆಗೆ ಹೋಗಿ ಪುಟ್ಟಿಗೆ ಹೇಳಿದೆ. ಹಾಳೆಯ ಮೇಲೆ ಮ್ಯಾಕ್ ಗಿಬ್ಬನ್ ಎಂದು ಬರೆದು, 'ಮ್ಯಾ' ಹೊಡೆದು ಹಾಕಿ, ಗ ಅಳಿಸಿ ತೋರಿಸಿದೆ. 'ಕ್' ಅಂದ್ರೆ ಮಗ ಎಂದೆ. ಅವಳು ತಲೆಯಾಡಿಸಿ, "ಸರಿ, ಮಗಳಾಗಿದ್ರೆ?" ಎಂದಳು.

ಅದಕ್ಕೂ ಉತ್ತರವಿದೆ. ಮ್ಯಾಂಕ್ಸಿನಲ್ಲಿ ಮಗಳಿಗೆ 'ಇನ್ಯೀನ್'. ಹಿಂದೆ ಹೆಂಗಸರ ಹೆಸರಿನಲ್ಲಿ ಮ್ಯಾಕ್ ಜಾಗದಲ್ಲಿ ಇದರ ಚುಟುಕು ರೂಪ ಬರುತ್ತಿತ್ತು. ಮಾತಿಗೆ ಅರ್ಥವಿದ್ದಾಗ ಮಾತ್ರ ಈ ಭೇದ ಉಳಿಯುತ್ತದೆ. ಮ್ಯಾಕ್ ಸವೆದು ಬರೀ 'ಕ್' ಆದ ಮೇಲೆ ಅದು ಮಗ ಎಂಬುದೇ ಯಾರಿಗೂ ಕೇಳಿಸದಾಯಿತು, ಹೆಣ್ಣುಮಕ್ಕಳಿಗೂ ಅದೇ ಅಂಟಿತು. ಅಂದಿನಿಂದ ಆ ಮನೆಯ ಹೆಣ್ಣುಮಕ್ಕಳೆಲ್ಲ ಗಿಬ್ಬನ್ನನ ಮಗ.

ಹಾಗಂತ ಹೆಂಗಸರ ಹೆಸರನ್ನು ಆ ದ್ವೀಪ ಪೂರ್ತಿ ಕಳೆದುಬಿಡಲಿಲ್ಲ. ಮದುವೆಯಾದ ಹೆಂಗಸಿನ ತವರಿನ ಹೆಸರನ್ನು ಅಲ್ಲಿನ ಹಳೆಯ ದಾಖಲೆಗಳಲ್ಲಿ, ಗೋರಿಕಲ್ಲುಗಳ ಮೇಲೆ ಕೂಡ, ತಪ್ಪದೆ ಬರೆಯುತ್ತಿದ್ದರು. ಬರೆಯುತ್ತಿದ್ದ ರೀತಿ ಮಾತ್ರ ನಮಗೆ ನಗು ತರಿಸುತ್ತದೆ. ಕೆಲ್ಲಿ ಅಲಿಯಾಸ್ ಕ್ವೇಲ್. ಕಬ್ಬನ್ ಅಲಿಯಾಸ್ ವಿಲ್ಕ್ಸ್. ನಮ್ಮ ಪತ್ರಿಕೆಗಳಲ್ಲಿ ಅಲಿಯಾಸ್ ಅಂದರೆ ರೌಡಿಶೀಟರ್, ಕುಳ್ಳ ಸೀನ ಅಲಿಯಾಸ್ ಇನ್ನೇನೋ. ಅಲ್ಲಿ ಅದು ಮರ್ಯಾದಸ್ಥ ಗೃಹಿಣಿಯರ ತವರುಮನೆ.

ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಪುಟ್ಟಿ ಎದ್ದು ಅಡುಗೆಮನೆಯ ಬಾಗಿಲಿಗೆ ಓಡಿದ್ದಳು. "ಅಮ್ಮಾ, ನೀನು ಅಲಿಯಾಸ್ ಏನು?" ಒಳಗೆ ಒಗ್ಗರಣೆ ಚಟಪಟ ಸಿಡಿಯುತ್ತಿತ್ತು. ಅಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದು, ಏನು ಹೇಳಿಕೊಟ್ಟೆಯೋ ಇವಳಿಗೆ ಎಂದು ನನ್ನನ್ನು ನೋಡಿದಳು.